ಕಡ ಕೊಟ್ಟ ವಿಮಾನ

ವಿಮಾನ ನಮ್ಮದು. ಹಾರುವವರಿಗೆ
ಒಂದು ರಾತ್ರಿಯ ಮಟ್ಟಿಗೆ ಕಡ ಕೊಡುತ್ತಿದ್ದೆವು, ಅಷ್ಟೆ.
ನಂಬದಿದ್ದರೆ ನೆಸ್ಟಾ ಪ್ಯೂಳನ್ನು ಕೇಳಿ.
ರೆಕ್ಕೆಯ ಮೇಲೆ ಬೋರಲು ಮಲಗಿ
ಪೊರಕೆಯಲ್ಲಿ ಹಿಮ ಗುಡಿಸಿದವಳು ಅವಳು,
ವೇಲ್ಸಿನ ಕಲ್ಲುಗಣಿಯವನ ಮಗಳು,
ಬೈಗುಳವನ್ನೂ ಪ್ರಾರ್ಥನೆಯ ರಾಗದಲ್ಲೇ ಬೈಯುತ್ತಿದ್ದಳು.

ಲಿಂಕನ್‌ಶೈರಿನ ಬಯಲು. ಗಾಳಿಗೆ ಅಡ್ಡ ನಿಲ್ಲಲು
ಒಂದು ನೆಟ್ಟಗಿನ ಬೇಲಿಯೂ ಇಲ್ಲ,
ಸಮುದ್ರದಲ್ಲಿ ಹೊರಟದ್ದು ನೇರ ನಮ್ಮ ಕಿವಿಗೇ.
ಕೈಗವಸು ತೊಟ್ಟರೆ ಪ್ಲಗ್ಗು ಬೆರಳಿಗೆ ದಕ್ಕದು,
ಕಳಚಿದರೆ ಬೆರಳ ಚರ್ಮ ಲೋಹಕ್ಕಂಟಿ ಅಲ್ಲೇ ಉಳಿಯುವುದು.
ನಾಲ್ಕು ಎಂಜಿನ್ನು, ಒಂದೊಂದಕ್ಕೆ ಹನ್ನೆರಡು ಸಿಲಿಂಡರು,
ಸಿಲಿಂಡರಿಗೆರಡು ಪ್ಲಗ್ಗು. ತೊಂಬತ್ತಾರು.
ಇವತ್ತಿಗೂ ನಿದ್ದೆ ಹತ್ತದಿದ್ದರೆ ಅಷ್ಟನ್ನೂ ಎಣಿಸುತ್ತೇನೆ,
ತೊಂಬತ್ತನಾಲ್ಕಕ್ಕೆ ಪೂರ್ತಿ ಎಚ್ಚರವಾಗುತ್ತದೆ.

ಬಾಂಬು ನನ್ನ ಪಾಲಿನ ಕೆಲಸವಲ್ಲ.
ಟಾರ್ಪಾಲು ಹೊದ್ದು ಅವು ಗಾಡಿಯಲ್ಲಿ ಹಾದುಹೋಗುವಾಗ
ನನ್ನ ತಲೆ ಎಂಜಿನ್ನಿನೊಳಗೆ ಇರುತ್ತಿತ್ತು.
ಇರುವಂತೆ ನೋಡಿಕೊಳ್ಳುತ್ತಿದ್ದೆ.

ಸಂಜೆ ಐದಕ್ಕೆ ಲಾರಿಯಿಂದ ಹುಡುಗರು ಇಳಿಯುವರು.
ಕ್ವಿಲ್ ಅಂತ ಪೈಲಟ್, ಇಪ್ಪತ್ತೊಂದು ವರ್ಷ,
ಮೀಸೆ ಇನ್ನೂ ಮನಸ್ಸು ಮಾಡಿರಲಿಲ್ಲ.
ಪುಸ್ತಕವನ್ನು ನನ್ನ ಬೆನ್ನಿಗೇ ಒತ್ತಿ ಸಹಿ ಹಾಕುವನು:
ವಿಮಾನ ಸುಸ್ಥಿತಿಯಲ್ಲಿ ಸಂದಿದೆ.
ಪೆನ್ಸಿಲ್ಲಿನ ಮೊನೆ ಕೋಟು ದಾಟಿ ಕಚಗುಳಿ ಇಡುವುದು.
ಗೀರು ಬೀಳದಂತೆ ತಂದುಕೊಡು, ಅನ್ನುವೆ.
ಬಾಡಿಗೆ ಎಷ್ಟಾಯಿತು ಈನಕ್, ಅನ್ನುವನು.
ಆಮೇಲೆ ಏಳೂ ಜನ ಬಾಲದ ಚಕ್ರಕ್ಕೆ ಉಚ್ಚೆ ಹೊಯ್ಯುವರು,
ಶಕುನ. ನೆಸ್ಟಾ ಬೀಟಿನ ಹೊಲದ ಕಡೆ ತಿರುಗಿ
ಏನೂ ಬೆಳೆಯದ ಸಾಲುಗಳನ್ನು ನೋಡುವಳು.

ಫೆಬ್ರವರಿಯ ಒಂದು ರಾತ್ರಿ ಹದಿನೆಂಟು ಹೋದವು,
ನಸುಕಿಗೆ ಹದಿನೇಳು ಇಳಿದವು.
ನಮ್ಮ ಸಿಮೆಂಟಿನ ವೃತ್ತದಲ್ಲಿ ಎಣ್ಣೆಯ ಕಲೆ ಮಾತ್ರ.
ಚಹಾ ಗಾಡಿ ಬಂದು ನಿಂತು
ಯಾರನ್ನೂ ಏನೂ ಕೇಳದೆ ಹೋಯಿತು.
ಕೈಗೆ ಏನಾದರೂ ಬೇಕಲ್ಲ, ಸಲಕರಣೆಯ ಪೆಟ್ಟಿಗೆ ತೆರೆದೆ.
ಅರ್ಧ ಇಂಚಿನ ಸ್ಪ್ಯಾನರ್ ಇರಲಿಲ್ಲ.

ಅದರ ಜಾಗ ಇತ್ತು,
ಸ್ಪ್ಯಾನರಿನದೇ ಆಕಾರದ ಖಾಲಿ.
ಮೂರನೇ ಎಂಜಿನ್ನಿನ ಮುಚ್ಚಳ ಹಾಕುವಾಗ ಒಳಗೇ ಬಿಟ್ಟೆನೆ?
ಮೇಲೆ, ಹದಿನೆಂಟು ಸಾವಿರ ಅಡಿಯಲ್ಲಿ, ಕತ್ತಲಲ್ಲಿ
ಅದು ಮೆಲ್ಲಗೆ ಅಲುಗಾಡಿ ಎದ್ದು ಕೂತಿತೆ?
ಮೊಣಕಾಲೂರಿ ಹುಲ್ಲು ತಡಕಿದೆ, ಕತ್ತಲಾಗುವ ತನಕ.
ನೆಸ್ಟಾ ಪಕ್ಕದಲ್ಲೇ ತಡಕಿದಳು,
ಹುಡುಕುತ್ತಿರುವುದು ಏನನ್ನು ಎಂದು ಕೇಳದೆ.

ಮೂರನೇ ದಿನ ಸಿಕ್ಕಿತು,
ನನ್ನದೇ ಸೈಕಲ್ಲಿನ ಸೀಟಿನ ಹಿಂದಿನ ಚೀಲದಲ್ಲಿ.
ಚೈನು ಬಿಗಿಯಲು ನಾನೇ ಒಯ್ದದ್ದು.
ನಕ್ಕುಬಿಟ್ಟೆ. ಹೊಲದ ಕಾಗೆಗಳೆಲ್ಲ ಏಳುವ ಹಾಗೆ.
ಏಳು ಜನ ಸತ್ತಿದ್ದರು, ಕೊಂದವನು ನಾನಲ್ಲ,
ಅಷ್ಟಕ್ಕೆ ಹೊಟ್ಟೆ ಹಿಡಿದು ನಕ್ಕೆ.
ಆ ನಗು ಈಗಲೂ ನನ್ನ ಪೆಟ್ಟಿಗೆಯಲ್ಲಿದೆ,
ಅದಕ್ಕೆಂದು ಮಾಡಿದ ಜಾಗವಿಲ್ಲ,
ಎಲ್ಲಿಟ್ಟರೂ ಉಳಿದ ಸಾಮಾನಿಗೆ ತಾಗಿ ಸದ್ದು ಮಾಡುತ್ತದೆ.

ಹೊಸ ವಿಮಾನ ಬಂತು. ಅದೇ ಅಕ್ಷರ ಬಳಿದೆವು.
ಹೊಸ ಹುಡುಗ, ಹೊಸ ಸಹಿ,
ಬೆನ್ನು ಹಳೆಯದು.

ಯುದ್ಧ ಮುಗಿದ ಬೇಸಿಗೆಯಲ್ಲಿ
ನೆಲದವರನ್ನೂ ಒಮ್ಮೆ ಹತ್ತಿಸಿಕೊಂಡರು,
ನಿಮ್ಮ ದುಡಿಮೆ ಏನಾಯಿತು ನೋಡಿ ಬನ್ನಿ ಅಂತ.
ಗಾಜಿನ ಮೂಗಿನೊಳಗೆ ಬೋರಲು ಮಲಗಿದೆ.
ಕೆಳಗೆ ಊರು. ಒಂದು ಮನೆಗೂ ಚಾವಣಿಯಿಲ್ಲ,
ಜೇನು ಹಿಂಡಿ ಎಸೆದ ಹುಟ್ಟಿನ ಹಾಗೆ
ಗೋಡೆ, ಗೋಡೆ, ಗೋಡೆ.
ಬೀದಿಯೊಂದರಲ್ಲಿ ಹೆಂಗಸೊಬ್ಬಳು
ಮಗುವಿನ ಗಾಡಿಗೆ ಇಟ್ಟಿಗೆ ತುಂಬುತ್ತಿದ್ದವಳು
ತಲೆಯೆತ್ತಿದಳು. ಓಡಲಿಲ್ಲ.

ನೆಸ್ಟಾ ಹಿಂದಿನಿಂದ ಹೆಗಲು ಹಿಡಿದು ಏನೋ ಅಂದಳು,
ಕೇಳಿಸಲಿಲ್ಲ.
ನಾಲ್ಕೂ ಎಂಜಿನ್ನು ಒಂದೇ ಶ್ರುತಿಯಲ್ಲಿದ್ದವು.
ತೊಂಬತ್ತಾರರಲ್ಲಿ
ಒಂದೂ ಕೆಮ್ಮಲಿಲ್ಲ.